ಮೂರನೆಯ ಕರೆ

ಸುಗಂಧಿ ಕಲ್ಲು. ಕರೆದರೆ ಓಗೊಡುವ ಸ್ವಭಾವ ಅವಳದಲ್ಲ. ಕರೆದವರು ಸಾಯುತ್ತಿದ್ದರೂ ಅಷ್ಟೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಾಪುವಿನಲ್ಲಿ ಅವಳ ಬಗ್ಗೆ ಬೇರೆಯೇ ಒಂದು ಕಥೆ ಓಡಾಡುತ್ತಿತ್ತು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಅಜ್ಜಿಗಾಗಿ ಮೊಮ್ಮಗಳು ಮಣಿಪಾಲದಲ್ಲಿ ಮಾತು ಮತ್ತು ಶ್ರವಣದ ಡಿಗ್ರಿ ಓದುತ್ತಿದ್ದಾಳೆ, ಇಂಥ ಮಕ್ಕಳು ಎಲ್ಲಿ ಸಿಗುತ್ತಾರೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಅದು ಸುಳ್ಳು. ಸಿಇಟಿಯಲ್ಲಿ ಬಂದ ಸ್ಥಾನ ಮೆಡಿಕಲ್‌ಗೂ ಸಾಲಲಿಲ್ಲ, ಡೆಂಟಲ್‌ಗೂ ಸಾಲಲಿಲ್ಲ. ನರ್ಸಿಂಗ್ ಎಂದರೆ ರಾತ್ರಿ ಪಾಳಿ, ಫಿಸಿಯೋಥೆರಪಿ ಎಂದರೆ ರೋಗಿಗಳನ್ನು ಎತ್ತಿ ಇಳಿಸುವ ಕೆಲಸ. ಉಳಿದದ್ದರಲ್ಲಿ ಇದು ಚೊಕ್ಕವಾಗಿ ಕಂಡಿತು. 2002ರಲ್ಲಿ ಸೇರಿದಳು. ತಂದೆ ಶೀನ ಬಹ್ರೈನಿನಿಂದ ಶುಕ್ರವಾರದ ಫೋನಿನಲ್ಲಿ, “ಅಜ್ಜಿಗೂ ಆಯ್ತು, ನಿನಗೂ ಆಯ್ತು ಮಗಾ,” ಎಂದರು. ಅವಳು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಕಡಿಯಾಳಿಯಲ್ಲಿ ಅವಳು ಕೋಣೆ ಹಿಡಿದಿದ್ದ ಮನೆಯ ಒಡತಿ ರೋಸಲಿನ್ ಎಂಬ ವಿಧವೆ. ಬೆಳಿಗ್ಗೆ ಚಹಾ ಆದ ಕೂಡಲೇ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಮೊದಲ ಕೂಗಿಗೆ ಮಹಡಿ ಸುಮ್ಮನೆ. ಎರಡನೆಯದಕ್ಕೂ ಸುಮ್ಮನೆ. ಮೂರನೆಯದಕ್ಕೆ ಸುಗಂಧಿ ಮೆಟ್ಟಿಲಲ್ಲಿ ಕಾಣಿಸಿಕೊಳ್ಳುತ್ತಿದ್ದಳು, ತಲೆ ಬಾಚಿ, ಚೀಲ ಹೆಗಲಿಗೇರಿಸಿ.

“ಎಂತ ಮಾರಾಯ್ತಿ, ನಿನ್ನನ್ನು ಕರೆಯಲಿಕ್ಕೆ ಇನ್ನು ಇಗರ್ಜಿಯ ಗಂಟೆಯನ್ನೇ ತರಬೇಕಾ?”

“ಮೂರು ಸಲ ಸಾಕು ಬಾಯಮ್ಮ.”

“ನಾನು ಬಿದ್ದು ಸತ್ತರೆ? ಸತ್ತವಳು ಮೂರು ಸಲ ಎಲ್ಲಿಂದ ಕರೆಯಲಿ?”

ಸುಗಂಧಿ ಆ ಮಾತಿಗೆ ನಗಲಿಲ್ಲ. ಚಹಾ ಕುಡಿದು, ಲೋಟ ತೊಳೆದಿಟ್ಟು, ಮಣಿಪಾಲದ ಸಿಟಿ ಬಸ್ಸಿಗೆ ಹೊರಟುಬಿಟ್ಟಳು.

ನಾಲ್ಕು ವರ್ಷ ಹೀಗೇ ನಡೆಯಿತು. ಕಲಿಕೆಯಲ್ಲಿ ಅವಳ ತಪ್ಪು ಹಿಡಿಯುವವರಿರಲಿಲ್ಲ. ಕಾರ್ಕಳದ ಶಾಲೆಯೊಂದರಲ್ಲಿ ಶ್ರವಣ ತಪಾಸಣೆಯ ಶಿಬಿರ ನಡೆದಾಗ ಒಂದೇ ದಿನ ಎಪ್ಪತ್ತು ಮಕ್ಕಳ ಕಿವಿ ನೋಡಿದಳು. ಎಪ್ಪತ್ತರಲ್ಲಿ ಒಂದು ಮಗುವಿನ ಹೆಸರನ್ನೂ ಬಾಯಿಬಿಟ್ಟು ಕೇಳಲಿಲ್ಲ, ಚೀಟಿಯಲ್ಲಿ ಬರೆದಿತ್ತಲ್ಲ.

2006ರ ಮೇ ತಿಂಗಳಿಗೆ ಇಂಟರ್ನ್‌ಶಿಪ್ ಮುಗಿಯುತ್ತ ಬಂತು. ಮುಂದೆ ಎಂ.ಎಸ್ಸಿ. ಅವಳು ಅರ್ಜಿ ಹಾಕಬೇಕೆಂದಿದ್ದ ವಿಶ್ವವಿದ್ಯಾಲಯದಲ್ಲಿ ಈ ಓದು ಎರಡಾಗಿ ಒಡೆದಿತ್ತು. ಒಂದು ಆಡಿಯಾಲಜಿ, ಕಿವಿಯ ವಿದ್ಯೆ. ಇನ್ನೊಂದು ಸ್ಪೀಚ್ ಪೆಥಾಲಜಿ, ಮಾತಿನ ವಿದ್ಯೆ. ಅರ್ಜಿಯಲ್ಲಿ ಎರಡು ಖಾಲಿ ಗೆರೆಗಳಿದ್ದವು. ಮೊದಲ ಗೆರೆಯಲ್ಲಿ ಬರೆದದ್ದೇ ಉಳಿದ ಬದುಕು; ಎರಡನೆಯ ಗೆರೆಯನ್ನು ಯಾರೂ ಓದುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಅಧ್ಯಾಪಕಿ ಲೊರ್ನಾ ಮೇಡಂ ಶಿಫಾರಸಿಗೆ ಸಹಿ ಹಾಕಬೇಕು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅರ್ಜಿ ನನ್ನ ಮೇಜಿನ ಮೇಲಿರಬೇಕು ಎಂದು ಅವರು ಗಡುವು ಕೊಟ್ಟಿದ್ದರು.

ಸುಗಂಧಿ ಪೆನ್ಸಿಲಿನಲ್ಲಿ ಮೊದಲ ಗೆರೆಯ ಮೇಲೆ ಆಡಿಯಾಲಜಿ ಎಂದು ಬರೆದಿಟ್ಟಿದ್ದಳು. ಅದರ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಕಿವಿಯ ವಿದ್ಯೆಯಲ್ಲಿ ಯಂತ್ರ ಕೇಳುತ್ತದೆ, ರೋಗಿ ಬೆರಳೆತ್ತುತ್ತಾನೆ, ಕಾಗದದಲ್ಲಿ ಗೆರೆ ಬೀಳುತ್ತದೆ. ಮಾತಿನ ವಿದ್ಯೆಯಲ್ಲಿ ಮಾತು ಬಾರದವರ ಎದುರು ಕುಳಿತು, ಅವರ ಬಾಯಿಂದ ಏನು ಹೊರಬರುತ್ತದೆಯೋ ಎಂದು ಕಾಯಬೇಕು. ಆ ಕಾಯುವ ಕೆಲಸ ಅವಳಿಗೆ ಬೇಡವಾಗಿತ್ತು. ಯಾಕೆ ಬೇಡ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು. ಇನ್ನೊಬ್ಬರಿಗೂ ಗೊತ್ತಿರಬಹುದೇ ಎಂಬ ಅನುಮಾನ ಐದು ವರ್ಷದಿಂದ ಅವಳ ಬೆನ್ನಿಗಿತ್ತು.

ಆ ತಿಂಗಳ ಮೊದಲ ವಾರದಲ್ಲಿ ಹಿರಿಯಡ್ಕದಿಂದ ದೂಮಪ್ಪ ಎಂಬ ಮುದುಕರು ಕಿವಿಯ ಪರೀಕ್ಷೆಗೆ ಬಂದರು. ಸಹಪಾಠಿ ಲಿಯೋನೆಲ್ ಅವರನ್ನು ಬೂತಿನೊಳಗೆ ಕೂರಿಸಿದ. ಬೂತ್ ಎಂದರೆ ಹೊರಗಿನ ಸದ್ದು ಒಳಗೆ ಬಾರದಂತೆ ಕಟ್ಟಿದ ಪುಟ್ಟ ಕೋಣೆ. ದಪ್ಪ ಬಾಗಿಲು, ಒಂದೇ ಒಂದು ಗಾಜಿನ ಕಿಂಡಿ. ಒಳಗಿನವರ ಕಿವಿಗೆ ಹೆಡ್‌ಫೋನು. ಹೊರಗೆ ಕುಳಿತವರು ಯಂತ್ರದ ಗುಂಡಿ ಒತ್ತಿದರೆ ಒಂದು ದೀಪ ಹೊತ್ತಿ, ಒಳಗೆ ‘ಕೂ’ ಎಂದು ಕೇಳುತ್ತದೆ. ಕೇಳಿಸಿದರೆ ಬೆರಳೆತ್ತಬೇಕು. ದೂಮಪ್ಪ ಬೆರಳೆತ್ತಲೇ ಇಲ್ಲ. ಎರಡೂ ಕಿವಿ ಸಾಕಷ್ಟು ಮಂದ, ಯಂತ್ರ ಹಾಕಬೇಕು ಎಂದು ಲಿಯೋನೆಲ್ ಬರೆದ.

ಲೊರ್ನಾ ಮೇಡಂ ಬೂತಿನಿಂದ ಹೊರಬಂದ ಮುದುಕರ ಹಿಂದೆ ನಿಂತು, ಮೆಲ್ಲಗೆ, “ಊಟ ಆಯ್ತಾ?” ಎಂದರು.

“ಆಯ್ತಮ್ಮ, ಗಂಜಿ,” ಎಂದರು ದೂಮಪ್ಪ.

“ನಾಟಕ ಮೇಡಂ,” ಎಂದ ಲಿಯೋನೆಲ್. “ಮನೆಯಲ್ಲಿ ಹೆಂಡತಿಯ ಬಾಯಿಯಿಂದ ತಪ್ಪಿಸಿಕೊಳ್ಳಲಿಕ್ಕೆ ಸರ್ಟಿಫಿಕೇಟು ಬೇಕಿರಬೇಕು.”

ಮೇಡಂ ಕಣ್ಣಲ್ಲೇ ಅವನನ್ನು ಸುಮ್ಮನಾಗಿಸಿ, ಮುದುಕರನ್ನು ಮತ್ತೆ ಬೂತಿನಲ್ಲಿ ಕೂರಿಸಿ, ಪರೀಕ್ಷೆಯನ್ನು ಸುಗಂಧಿಗೆ ಕೊಟ್ಟರು. ಅವಳು ಮುದುಕರ ಮುಖ ನೋಡಲಿಲ್ಲ, ಬೆರಳು ನೋಡಿದಳು. ಗುಂಡಿ ಒತ್ತಿದಾಗ ಬೆರಳು ಒಮ್ಮೆ ಮಿಡುಕಿ, ಮತ್ತೆ ಮಡಚಿಕೊಂಡಿತು. ಅದೇ ಸದ್ದನ್ನು ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಕೊಟ್ಟಳು. ಮತ್ತೆ ಮಿಡುಕಿತು, ಮಡಚಿತು. ಮೂರನೆಯ ಸಲ ಕೊಟ್ಟಾಗ ಕೈ ಇಡಿಯಾಗಿ ಮೇಲೆದ್ದಿತು.

ಎದ್ದು ಹೋಗಿ ಬಾಗಿಲು ತೆರೆದಳು. “ಅಜ್ಜ, ಮೊದಲ ಸಲವೇ ಕೇಳಿತಲ್ಲ?”

“ಕೇಳಿತು.”

“ಕೈ ಯಾಕೆ ಎತ್ತಲಿಲ್ಲ?”

“ಕೇಳಿದ್ದಕ್ಕೆಲ್ಲ ಓಗೊಡಲಿಕ್ಕೆ ಆಗ್ತದಾ?” ದೂಮಪ್ಪ ಹೆಡ್‌ಫೋನು ಸರಿಸಿ, ದನಿ ತಗ್ಗಿಸಿದರು. “ನೀವು ನನ್ನನ್ನು ಈ ಪೆಟ್ಟಿಗೆಯೊಳಗೆ ಹಾಕಿ ಬಾಗಿಲು ಮುಚ್ಚಿದಿರಿ. ಗಾಳಿ ಇಲ್ಲ, ಬೆಳಕು ಇಷ್ಟೇ ಇಷ್ಟು. ನನ್ನ ಉಸಿರು ನನಗೇ ಕೇಳ್ತದೆ. ಆಗ ಕಿವಿಯ ಬುಡದಲ್ಲಿ ಎಂತದೋ ಕೂ ಅಂತದೆ. ಯಾರು ಅಂತ ಗೊತ್ತುಂಟಾ? ಮನುಷ್ಯರಾದರೆ ಮೂರು ಸಲ ಕರೀತಾರೆ. ಕುಲೆ ಕರೆಯುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಅದಕ್ಕೆ ಓ ಅಂದವ ಅದರ ಹಿಂದೆಯೇ ಹೋದ. ನಮ್ಮ ಚಿಕ್ಕಪ್ಪ ಹಾಗೇ ಹೋದದ್ದು.”

ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಕುಲೆ ಎನ್ನುತ್ತಾರೆ. ಲಿಯೋನೆಲ್ ನಗು ತಡೆಯಲಾರದೆ ಹೊರಗೆ ಹೋದ.

“ಇಲ್ಲಿ ಕರೆಯುವವಳು ನಾನು,” ಎಂದಳು ಸುಗಂಧಿ. “ಗಾಜಿನಲ್ಲಿ ನನ್ನ ಮುಖ ಕಾಣ್ತದೆ. ಮೊದಲನೆಯದಕ್ಕೇ ಎತ್ತಿ.”

“ನಿಮ್ಮ ಧೈರ್ಯದ ಮೇಲೆ ಎತ್ತುತ್ತೇನೆ. ಹೆಚ್ಚುಕಡಿಮೆ ಆದರೆ ನೀವೇ ಜವಾಬು ಕೊಡಬೇಕು.”

ದೂಮಪ್ಪನವರ ಕಿವಿ ಅವರ ವಯಸ್ಸಿಗೆ ಚೆನ್ನಾಗಿಯೇ ಇತ್ತು. ಲೊರ್ನಾ ಮೇಡಂ ಆ ಕಾಗದವನ್ನು ತುಂಬ ಹೊತ್ತು ನೋಡಿದರು. “ಈ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯ್ತು,” ಎಂದರು. “ಈ ಕಡೆಯ ಎಷ್ಟು ಮುದುಕರಿಗೆ ನಾನು ಸುಮ್ಮನೆ ಕಿವುಡು ಅಂತ ಬರೆದೆನೋ ದೇವರಿಗೇ ಗೊತ್ತು. ನೀನು ಆಡಿಯಾಲಜಿಗೇ ಹುಟ್ಟಿದವಳು.”

ಹೊರಡುವಾಗ ದೂಮಪ್ಪ ಬಾಗಿಲಲ್ಲಿ ನಿಂತರು. “ನಿಮಗೆ ಹೇಗೆ ಗೊತ್ತಾಯ್ತು?”

“ನಾನು ಕಾಪುವಿನವಳು.”

“ಹಾಗಾದರೆ ಅಜ್ಜಿ ಹೇಳಿಕೊಟ್ಟಿರಬೇಕು, ಅಲ್ವಾ?”

“ಹೌದು.”

ಅಜ್ಜಿಯೇ ಹೇಳಿಕೊಟ್ಟದ್ದು. ಅಪ್ಪಿಯಜ್ಜಿ ಎಂದೇ ಊರಲ್ಲಿ ಹೆಸರು. ಮಗ ಬಹ್ರೈನಿನ ದುಡಿಮೆಯಲ್ಲಿ ತಾರಸಿ ಮನೆ ಕಟ್ಟಿಸಿ, ಒಳಗೆ ಟೈಲ್ಸು ಹಾಕಿಸಿದ ಮೇಲೂ, ಅಂಗಳದಾಚೆಯ ಹಳೆಯ ಬಚ್ಚಲನ್ನು ಕೆಡವಲು ಅಜ್ಜಿ ಬಿಡಲಿಲ್ಲ. ದಿನಾ ಮುಸ್ಸಂಜೆ ತೆಂಗಿನ ಒಣ ಮಡಲು ಮುರಿದು ಒಲೆಗೆ ತುರುಕಿ, ಹಂಡೆಯ ನೀರು ಕಾಯಿಸಿ, ಅಲ್ಲೇ ಮೀಯುತ್ತಿದ್ದಳು. ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗಲೇ ಕಿವಿ ಹಿಡಿದು ಕಲಿಸಿದ್ದಳು: ಹೊತ್ತು ಕಂತಿದ ಮೇಲೆ ಹೊರಗಿಂದ ಯಾರೇ ಕರೆಯಲಿ, ನನ್ನದೇ ದನಿಯಾಗಿರಲಿ, ಮೂರನೆಯ ಸಲದವರೆಗೆ ಬಾಯಿ ಬಿಡಬೇಡ.

2001ರ ನವೆಂಬರಿನಲ್ಲಿ ಸುಗಂಧಿ ಎರಡನೆಯ ಪಿಯುಸಿ. ಒಂದು ಮುಸ್ಸಂಜೆ ಅಮ್ಮ ಭಜನಾ ಮಂದಿರಕ್ಕೆ ಹೋಗಿದ್ದಳು. ಅಡುಗೆಮನೆಯ ಹಿಂಬಾಗಿಲಲ್ಲಿ, ಬಲ್ಬಿನ ಬೆಳಕಿಗೆ, ಸುಗಂಧಿ ಭೌತಶಾಸ್ತ್ರದ ಪುಸ್ತಕ ಹಿಡಿದು ನಿಂತಿದ್ದಳು. ಅಂಗಳದಾಚೆ ಬಚ್ಚಲಿನಿಂದ ಕರೆ ಬಂತು.

“ಸುಗಂಧೀ.”

ಅಜ್ಜಿಯದೇ ದನಿ. ಸ್ವಲ್ಪ ದಪ್ಪಗಾಗಿತ್ತು, ಬಾಯಲ್ಲಿ ಅನ್ನ ಇಟ್ಟುಕೊಂಡು ಕರೆದ ಹಾಗೆ. ಸುಗಂಧಿ ತಲೆಯೆತ್ತಿದಳು. ಬಚ್ಚಲಿನ ಒಳಗೆ ಕತ್ತಲು, ಒಲೆಯ ಕೆಂಡ ಮಾತ್ರ ಕಾಣುತ್ತಿತ್ತು. ಕೊಂಚ ಹೊತ್ತಿಗೆ ಎರಡನೆಯ ಕರೆ ಬಂತು. ಅದರಲ್ಲಿ ಹೆಸರಿನ ಕೊನೆ ಇರಲಿಲ್ಲ.

ಅವಳು ಮೂರನೆಯದಕ್ಕೆ ಕಾದಳು. ಹೆದರಿ ಕಾದಳು ಎಂದರೆ ಅದೂ ಸುಳ್ಳು. ಅಜ್ಜಿ ಏನೋ ತಾ ಎನ್ನುತ್ತಾಳೆ, ಅಂಗಳ ದಾಟಬೇಕು, ಪುಟ ಅರ್ಧದಲ್ಲಿತ್ತು. ಅಜ್ಜಿಯ ನಿಯಮ ಅಜ್ಜಿಯ ಮೇಲೆಯೇ ಅನುಕೂಲಕ್ಕೆ ಒದಗಿತು. ಮೂರನೆಯದು ಬರಲಿಲ್ಲ. ಅವಳು ಪುಟ ತಿರುಗಿಸಿದಳು.

ನಲವತ್ತು ನಿಮಿಷದ ಮೇಲೆ ಅಮ್ಮ ಬಂದು ನೋಡಿದಾಗ ಅಪ್ಪಿಯಜ್ಜಿ ಬಚ್ಚಲಿನ ಹಾಸುಗಲ್ಲಿನ ಮೇಲೆ ಬಲಮಗ್ಗುಲಾಗಿ ಬಿದ್ದಿದ್ದಳು. ಒಲೆ ಆರಿತ್ತು. ಕಣ್ಣು ತೆರೆದೇ ಇತ್ತು.

“ನಿನ್ನನ್ನು ಕರೆಯಲಿಲ್ಲವಾ?” ಅಮ್ಮ ಕೇಳಿದಳು.

“ಕೇಳಲಿಲ್ಲ,” ಎಂದಳು ಸುಗಂಧಿ.

ಅಮ್ಮ ಅದನ್ನು ನಂಬಿದಳು. ಎಷ್ಟು ನಂಬಿದಳೆಂದರೆ, ಮಗಳ ಕಿವಿಯೇ ಮಂದ ಎಂದು ತೀರ್ಮಾನಿಸಿ, ಅಂದಿನಿಂದ ಅವಳ ಹತ್ತಿರ ಮಾತ್ರ ಏರುದನಿಯಲ್ಲಿ ಮಾತಾಡತೊಡಗಿದಳು. ಕಾಲೇಜಿಗೆ ಸೇರಿದ ಮೊದಲ ವರ್ಷ ವಿದ್ಯಾರ್ಥಿಗಳು ಒಬ್ಬರ ಕಿವಿ ಇನ್ನೊಬ್ಬರು ಪರೀಕ್ಷಿಸುವ ಪಾಠವಿತ್ತು. ಸುಗಂಧಿಯ ಕಾಗದದಲ್ಲಿ ಗೆರೆ ಸೊನ್ನೆಯ ಮೇಲೇ ಬಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಕಿವಿ ಅವಳದು. ಆ ಕಾಗದವನ್ನು ಮಡಚಿ ಪುಸ್ತಕದ ನಡುವೆ ಇಟ್ಟಳು, ಮನೆಗೆ ಒಯ್ಯಲಿಲ್ಲ.

ಅಜ್ಜಿ ಬದುಕಿದಳು. ಬಲಗೈ ಬಲಗಾಲು ಹೋದವು, ಮಾತು ಪೂರ್ತಿ ಹೋಯಿತು. ಕೆಲವು ತಿಂಗಳ ಮೇಲೆ ಒಂದೇ ಒಂದು ಶಬ್ದ ತಿರುಗಿ ಬಂತು: ‘ಓ’. ಮನೆಯವರು ಹಿಗ್ಗಿದರು. ಆದರೆ ಕರೆದವರಿಗೆ ಅಜ್ಜಿ ಓಗೊಡುತ್ತಿರಲಿಲ್ಲ, ಸುಮ್ಮನೆ ತಿರುಗಿ ನೋಡುತ್ತಿದ್ದಳು. ಯಾರೂ ಕರೆಯದಾಗ, ದಿನಾ ಮುಸ್ಸಂಜೆ, ಹಿಂದಿನ ಜಗಲಿಯ ಕುರ್ಚಿಯಲ್ಲಿ ಕುಳಿತು, ಬಚ್ಚಲಿನ ಕಡೆ ಮುಖ ಮಾಡಿ ‘ಓ’ ಎನ್ನುತ್ತಿದ್ದಳು. ಕೊಂಚ ಹೊತ್ತು ಬಿಟ್ಟು ಇನ್ನೊಂದು ‘ಓ’. ಆಮೇಲೆ ಮರುದಿನದವರೆಗೆ ಇಲ್ಲ.

ಮೆದುಳಿಗೆ ಪೆಟ್ಟಾದವರಲ್ಲಿ ಒಂದೇ ಶಬ್ದ ಉಳಿದು, ಬೇಕಾದಲ್ಲಿ ಬೇಡವಾದಲ್ಲಿ ಅದೇ ಹೊರಬರುವುದುಂಟು. ಪಠ್ಯದಲ್ಲಿ ಅದಕ್ಕೊಂದು ಹೆಸರೂ ಇದೆ. ಹೊತ್ತು ನೋಡಿ, ಎಣಿಸಿ ಎರಡೇ ಸಲ ಬರುವುದರ ಬಗ್ಗೆ ಪಠ್ಯದಲ್ಲಿ ಏನೂ ಇರಲಿಲ್ಲ.

ಮೂರನೆಯ ವರ್ಷ, ಅಮ್ಮನ ಒತ್ತಾಯಕ್ಕೆ, ಸುಗಂಧಿ ಮಾತು ಕಲಿಸುವ ಚಿತ್ರದ ಕಾರ್ಡುಗಳನ್ನು ಮನೆಗೆ ತಂದಿದ್ದಳು. ಚೊಂಬು, ಕೊಡೆ, ಬಾಳೆಹಣ್ಣು. ಅಜ್ಜಿ ಕಾರ್ಡು ನೋಡಲಿಲ್ಲ, ಅವಳನ್ನೇ ನೋಡಿದಳು. ಎರಡನೆಯ ಆದಿತ್ಯವಾರ ಅಜ್ಜಿಯ ತುಟಿ ‘ಸು’ ಎನ್ನುವ ಹಾಗೆ ಮುಂದೆ ಬಂತು. ಸುಗಂಧಿ ಕಾರ್ಡುಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿದಳು. ಅಜ್ಜಿಗೆ ಆಯಾಸವಾಗುತ್ತದೆ ಎಂದು ಅಮ್ಮನಿಗೆ ಹೇಳಿದಳು. ಮತ್ತೆ ತರಲಿಲ್ಲ. ತಿರುಗಿ ಬರುವ ಮೊದಲ ಮಾತು ಯಾವುದಾಗಬಹುದು ಎಂಬುದು ಅವಳಿಗೆ ಗೊತ್ತಿತ್ತು: ಕರೆದೆ, ಕೇಳಿಸಿಕೊಂಡಳು, ಬರಲಿಲ್ಲ.

ದೂಮಪ್ಪ ಬಂದುಹೋದ ಮರುವಾರ ಅಮ್ಮನೇ ಅಜ್ಜಿಯನ್ನು ಕಾರು ಮಾಡಿಕೊಂಡು ಮಣಿಪಾಲಕ್ಕೆ ಕರೆತಂದಳು. ಹೇಳದೆ ಕೇಳದೆ.

“ಕಿವಿ ನೋಡು ಇವರದ್ದು,” ಎಂದಳು ಕಾರಿಡಾರಿನಲ್ಲಿ, ಇಡೀ ಕ್ಲಿನಿಕ್ಕಿಗೆ ಕೇಳುವಷ್ಟು ಗಟ್ಟಿಯಾಗಿ. “ಈಗೀಗ ಆ ಓ ಜೋರಾಗಿದೆ. ಪಕ್ಕದ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸು ಅಂತಾರೆ. ಮೊದಲ ಕರೆಗೇ ಓ ಅನ್ನುವವರು ಹೆಚ್ಚು ದಿನ ಇರುವುದಿಲ್ಲವಂತೆ. ಕಿವಿಯದ್ದೇ ಎಂತದಾದರೂ ಇದ್ದರೆ ನೀನೇ ಹೇಳು.”

“ಮೆಲ್ಲಗೆ ಅಮ್ಮ. ಕೇಳ್ತದೆ.”

“ನಿನಗೆ ಕೇಳಲಿ ಅಂತಲೇ ಮಾರಾಯ್ತಿ ನಾನು ಬೊಬ್ಬೆ ಹಾಕುವುದು.”

ಸುಗಂಧಿ ಅಜ್ಜಿಯನ್ನು ಬೂತಿನೊಳಗೆ ಕೂರಿಸಿ, ಹೆಡ್‌ಫೋನು ಹಾಕಿ, ಎಡಗೈಯ ಬೆರಳು ಎತ್ತಿ ತೋರಿಸಿದಳು. ಅಜ್ಜಿಗೆ ಅರ್ಥವಾಯಿತು. ಬಾಗಿಲು ಮುಚ್ಚಿತು. ಗಾಜಿನಾಚೆ ಅಜ್ಜಿಯ ಬಿಳಿ ತಲೆ, ಎದೆಯ ಮೇಲೆ ಸತ್ತ ಬಲಗೈ.

ಗುಂಡಿ ಒತ್ತಿದಾಗೆಲ್ಲ ಎಡಗೈಯ ಬೆರಳು ಎದ್ದಿತು. ಮೊದಲ ಸದ್ದಿಗೇ ಎದ್ದಿತು; ಕಾಯಲಿಲ್ಲ, ತಪ್ಪಲಿಲ್ಲ. ಎಪ್ಪತ್ತೈದರ ಕಿವಿಗೆ ಅದು ಒಳ್ಳೆಯ ಫಲಿತಾಂಶ. ಸುಗಂಧಿ ಕೊನೆಯ ಗುರುತು ಹಾಕಿ ಪೆನ್ನು ಕೆಳಗಿಟ್ಟಳು. ಕೈ ಗುಂಡಿಯ ಮೇಲಿರಲಿಲ್ಲ, ದೀಪ ಹೊತ್ತಿರಲಿಲ್ಲ.

“ಓ,” ಎಂದಿತು ಸ್ಪೀಕರು.

ಬೂತಿನ ಒಳಗಿನ ಮೈಕಿನಿಂದ ಬಂದ ಅಜ್ಜಿಯ ದನಿ. ಬೆರಳು ಎದ್ದಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂಕಾಲು, ಮುಸ್ಸಂಜೆಯೂ ಅಲ್ಲ. ಆದರೆ ಬೂತಿನೊಳಗೆ ಹಗಲು ಯಾವುದು, ಮುಸ್ಸಂಜೆ ಯಾವುದು?

“ಓ,” ಎಂದಿತು ಮತ್ತೊಮ್ಮೆ.

ಅಜ್ಜಿ ಗಾಜಿನ ಕಡೆ ನೋಡುತ್ತಿದ್ದಳು. ಸುಗಂಧಿಯನ್ನಲ್ಲ, ಅವಳ ಹೆಗಲಿನಾಚೆ, ಸ್ವಲ್ಪ ಕೆಳಗೆ, ನೆಲದಲ್ಲಿ ಯಾರೋ ಬಿದ್ದುಕೊಂಡಿರುವಲ್ಲಿಗೆ ನೋಡುವ ಹಾಗೆ. ಸುಗಂಧಿ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದು ಹಿಂದೆ ನಿಂತಿದ್ದ ಲೊರ್ನಾ ಮೇಡಂ.

“ಏನೂ ಕೊಡದೆ ಉತ್ತರ ಬಂದರೆ ಅದು ಸುಳ್ಳು ಉತ್ತರ,” ಎಂದರು ಮೇಡಂ, ಕಲಿಸುವ ದನಿಯಲ್ಲಿ. “ನಂಬಲಿಕ್ಕೆ ಆಗುವುದಿಲ್ಲ ಅಂತ ಬರಿ.”

“ಬೆರಳು ಒಂದೂ ತಪ್ಪಿಲ್ಲ ಮೇಡಂ.”

“ದನಿ?”

“ದನಿ ನಮಗೆ ಕೊಟ್ಟದ್ದಲ್ಲ,” ಎಂದಳು ಸುಗಂಧಿ. ತಾನು ಹೇಳಿದ್ದು ಏನೆಂದು ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಪೆನ್ನೆತ್ತಿ, ನಂಬಬಹುದೇ ಎಂಬ ಕಾಲಂ ಅನ್ನು ಖಾಲಿ ಬಿಟ್ಟಳು. ನಾಲ್ಕು ವರ್ಷದಲ್ಲಿ ಅವಳು ಖಾಲಿ ಬಿಟ್ಟ ಮೊದಲ ಕಾಲಂ ಅದು.

ಗಡುವಿನ ಮುಂಚಿನ ಶನಿವಾರ ಸುಗಂಧಿ ಕ್ಲಿನಿಕ್ಕಿನ ಕಪಾಟಿನಿಂದ ಹಳೆಯ ಶಬ್ದಮಾಪಕವನ್ನು ಸಹಿ ಹಾಕಿ ಪಡೆದುಕೊಂಡಳು. ಅಂಗೈಯಗಲದ ಮೀಟರು, ಸದ್ದು ಎಷ್ಟೆಂದು ಮುಳ್ಳು ತೋರಿಸುತ್ತದೆ.

“ಎಂತಕ್ಕೆ?” ಎಂದ ಲಿಯೋನೆಲ್. “ರೋಸಲಿನ್ ಬಾಯಿಯ ಬೊಬ್ಬೆ ಅಳೆಯಲಿಕ್ಕಾ?”

“ಮನೆಯಲ್ಲಿ ಒಂದು ಸದ್ದುಂಟು. ಎಲ್ಲಿಂದ ಅಂತ ನೋಡಬೇಕು.”

ಅವಳ ಲೆಕ್ಕ ಸರಳವಾಗಿತ್ತು. ದಿನಾ ಒಂದೇ ಹೊತ್ತಿಗೆ ಅಜ್ಜಿ ಓಗೊಡುತ್ತಾಳೆಂದರೆ ಆ ಹೊತ್ತಿಗೆ ನಿಜವಾಗಿಯೂ ಏನೋ ಸದ್ದಾಗುತ್ತಿರಬೇಕು. ದೂರದ ರೈಲಿನ ಸೀಟಿ, ಬಚ್ಚಲಿನ ಮಾಡಿನಲ್ಲಿ ಬಾವಲಿ, ಹಂಡೆಗೆ ತೊಟ್ಟಿಕ್ಕುವ ನೀರು. ಅದನ್ನು ಹಿಡಿದು ನಿಲ್ಲಿಸಿದರೆ ಅಮ್ಮನ ಭಯವೂ ನಿಂತಿತು, ‘ಓ’ ಕೂಡ ನಿಂತಿತು. ಅರ್ಜಿಯಲ್ಲಿ ಪೆನ್ಸಿಲಿನ ಮೇಲೆ ಶಾಯಿ ತಿದ್ದಿದರೆ ಉಳಿದದ್ದೂ ಮುಗಿಯಿತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅರ್ಜಿ ಲೊರ್ನಾ ಮೇಡಂ ಅವರ ಮೇಜಿನ ಮೇಲಿತ್ತು. ಮೊದಲ ಗೆರೆಯಲ್ಲಿ ಪೆನ್ಸಿಲಿನ ಆಡಿಯಾಲಜಿಯನ್ನು ಕಾಗದ ಸವೆಯುವಷ್ಟು ಉಜ್ಜಿ ಅಳಿಸಿಯಾಗಿತ್ತು. ಅದರ ಮೇಲೆ ಶಾಯಿಯಲ್ಲಿ ಸ್ಪೀಚ್ ಪೆಥಾಲಜಿ ಎಂದಿತ್ತು. ಎರಡನೆಯ ಗೆರೆ ಖಾಲಿ.

“ಇದು ಎಂತ ಹುಚ್ಚು?” ಎಂದರು ಮೇಡಂ. “ಎರಡು ವಾರದ ಹಿಂದೆ ನಾನು ನಿನಗೆ ಹೇಳಿದ್ದು ನೆನಪುಂಟಾ?”

“ಉಂಟು ಮೇಡಂ.”

“ಮತ್ತೆ?”

“ನನಗೆ ಕೇಳ್ತದೆ ಮೇಡಂ. ಅದರಲ್ಲಿ ಕಲಿಯಲಿಕ್ಕೆ ಬಾಕಿ ಇಲ್ಲ.”

ಸೊಕ್ಕಿನ ಉತ್ತರ ಎಂದುಕೊಂಡು ಮೇಡಂ ಸಹಿ ಹಾಕಿ ಕಾಗದವನ್ನು ಮೇಜಿನ ಮೇಲೆ ತಳ್ಳಿದರು. ಅಮೆರಿಕದಲ್ಲಿ ಮಾತಿನವರಿಗೇ ಬೇಡಿಕೆ, ಇವಳು ಸುಮ್ಮನೆ ಬದಲಾಯಿಸುವವಳಲ್ಲ ಎಂದು ಲಿಯೋನೆಲ್ ಎಲ್ಲರಿಗೂ ವಿವರಿಸಿದ. ಸುಗಂಧಿ ಅದನ್ನು ತಿದ್ದಲಿಲ್ಲ. ಆದಿತ್ಯವಾರ ಮುಸ್ಸಂಜೆ ಕಾಪುವಿನಲ್ಲಿ ನಡೆದದ್ದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ.

ನಡೆದದ್ದು ಇಷ್ಟು. ಅಮ್ಮ ಭಜನೆಗೆ ಹೊರಟಳು. ಅಜ್ಜಿಯನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಅಡುಗೆಮನೆಯ ಬಲ್ಬು ಹಾಕಿ, ಸುಗಂಧಿ ಮೀಟರು ಹಿಡಿದು ಅಂಗಳ ದಾಟಿದಳು. ಐದು ವರ್ಷದಿಂದ ಆ ಬಚ್ಚಲಲ್ಲಿ ಯಾರೂ ಮಿಂದಿರಲಿಲ್ಲ. ಹಂಡೆಯಲ್ಲಿ ನೀರಿರಲಿಲ್ಲ. ಮಾಡಿನಲ್ಲಿ ಬಾವಲಿ ಇರಲಿಲ್ಲ. ಒಲೆಯ ಬೂದಿ ಗಟ್ಟಿಯಾಗಿ ಕಲ್ಲಾಗಿತ್ತು. ನಿಂತರೆ ತನ್ನ ಬಟ್ಟೆಯ ಸದ್ದೇ ಮೀಟರಿಗೆ ಸಿಗುತ್ತದೆಂದು ಅವಳು ಹಾಸುಗಲ್ಲಿನ ಮೇಲೆ ಕುಳಿತಳು. ಕುಳಿತರೂ ಸರಿಹೋಗದೆ, ಮೀಟರನ್ನು ನೆಲಕ್ಕೆ ತಾಗಿಸಿ, ಮುಳ್ಳು ಕಾಣುವಂತೆ ಬಲಮಗ್ಗುಲಿಗೆ ವಾಲಿದಳು.

ಆಗ ಎದುರಿಗೆ ಅಡುಗೆಮನೆಯ ಹಿಂಬಾಗಿಲು ಕಂಡಿತು.

ಕತ್ತಲಿನಿಂದ ನೋಡಿದರೆ ಬಾಗಿಲು ಉದ್ದಗಲಕ್ಕೂ ಬೆಳಕಾಗಿತ್ತು. ಹೊಸ್ತಿಲು, ಚಿಲಕ, ಗೋಡೆಗೆ ತೂಗುಹಾಕಿದ ಗೆರಸೆಯ ಹೆಣಿಗೆ ಕೂಡ ಎಣಿಸುವಂತಿತ್ತು. ಅಲ್ಲಿ ಒಬ್ಬಳು ಹುಡುಗಿ ಪುಸ್ತಕ ಹಿಡಿದು ನಿಂತಿದ್ದರೆ, ಅವಳು ತಲೆಯೆತ್ತಿದ್ದೂ ಕಾಣುತ್ತಿತ್ತು, ಪುಟ ತಿರುಗಿಸಿದ್ದೂ ಕಾಣುತ್ತಿತ್ತು. ಬಚ್ಚಲಿನ ಕತ್ತಲು ತನಗೆ ಕಾಣದಿದ್ದುದರಿಂದ, ಬಚ್ಚಲಿಗೂ ತಾನು ಕಂಡಿಲ್ಲ ಎಂದು ಸುಗಂಧಿ ಐದು ವರ್ಷ ನಂಬಿದ್ದಳು. ಆ ನಲವತ್ತು ನಿಮಿಷದಲ್ಲಿ ಎಷ್ಟು ಪುಟ ಓದಿದ್ದಳೋ ಅಷ್ಟನ್ನೂ ಅಜ್ಜಿ ಎಣಿಸಿದ್ದಳು.

ಮೀಟರಿನ ಮುಳ್ಳು ದೂರದ ಕಡಲಿನ ಮೊರೆತಕ್ಕೆ ನಲವತ್ತರ ಹತ್ತಿರ ಸಣ್ಣಗೆ ನಡುಗುತ್ತಿತ್ತು. ನೋಡುತ್ತಿದ್ದಂತೆ ಕೆಳಗಿಳಿಯಿತು. ಎರಡು ಅಲೆಗಳ ನಡುವೆ ಕಡಲು ಉಸಿರು ಹಿಡಿದಿರಬಹುದು. ಮುಳ್ಳು ತಳ ಮುಟ್ಟಿತು.

“ಓ,” ಎಂದಳು ಅಜ್ಜಿ ಜಗಲಿಯಿಂದ.

ಮುಳ್ಳು ಎದ್ದು, ಮತ್ತೆ ನಲವತ್ತಕ್ಕೆ ಬಂದು ನಡುಗತೊಡಗಿತು. ರೈಲಿಲ್ಲ, ಬಾವಲಿಯಿಲ್ಲ. ಅಜ್ಜಿ ಸದ್ದಿಗೆ ಓಗೊಡುತ್ತಿರಲಿಲ್ಲ. ಸದ್ದು ಇಲ್ಲವಾದದ್ದಕ್ಕೆ ಓಗೊಡುತ್ತಿದ್ದಳು.

ಮುಳ್ಳು ಎರಡನೆಯ ಸಲ ಇಳಿಯಿತು.

“ಓ.”

ಜಗಲಿಯ ಕುರ್ಚಿಯಲ್ಲಿ ಅಜ್ಜಿ ಕುತ್ತಿಗೆ ಮುಂದೆ ಚಾಚಿ ಕತ್ತಲಿನತ್ತ ನೋಡುತ್ತಿದ್ದಳು. ಇಷ್ಟಕ್ಕೆ ದಿನಾ ಮುಗಿಯಬೇಕು. ಅಜ್ಜಿಯ ಸರದಿ ಎರಡೇ. ಸುಗಂಧಿ ಮೀಟರು ಎತ್ತಿಕೊಂಡು ಏಳಬಹುದಿತ್ತು. ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು, ಪೆನ್ಸಿಲಿನ ಮೇಲೆ ಶಾಯಿ ತಿದ್ದುವುದು ಎರಡು ನಿಮಿಷದ ಕೆಲಸ. ಅವಳು ಏಳಲಿಲ್ಲ. ಕೆನ್ನೆಯ ಕೆಳಗೆ ಹಾಸುಗಲ್ಲು ತಣ್ಣಗಿತ್ತು.

ಮುಳ್ಳು ಮೂರನೆಯ ಸಲ ಇಳಿಯಿತು. ಇಳಿದು ತಳದಲ್ಲೇ ನಿಂತಿತು. ಅಜ್ಜಿ ಬಾಯಿ ಬಿಡಲಿಲ್ಲ.

“ಓ ಅಜ್ಜೀ,” ಎಂದಳು ಸುಗಂಧಿ. “ಬಂದೆ.”

ಮುಳ್ಳು ಒಮ್ಮೆ ನೆಗೆದು, ಮತ್ತೆ ಮಲಗಿತು.